ನಾಟಕಕಾರನ ಮನೆಯಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ಬರುವ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಕಾಲೇಜಿನಲ್ಲಿ ‘ಪಿಗ್ಮೇಲಿಯನ್’ ನಾಟಕ ಓದಿದಂದಿನಿಂದ ಬರ್ನಾರ್ಡ್ ಷಾ ಅವರ ಮೇಲೆ ನನಗೆ ಅಭಿಮಾನ. ಅವರು ಬಾಳಿದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆಂದು ಕೇಳಿದ್ದೇನೆ. ಅದಕ್ಕಾಗಿ ಇಡೀ ಒಂದು ದಿನವನ್ನು ಮೀಸಲಿಡುವುದು ಸಾರ್ಥಕವೆ? ಲೇಖಕರ ಮನೆಗಳಿಗೆ ಹೋಗಿ ಮೇಜು, ಕುರ್ಚಿ, ಕನ್ನಡಕಗಳನ್ನು ನೋಡಿ ಬರಿಮನಸ್ಸಿನಿಂದ ಹಿಂದಿರುಗಿದ ಅನುಭವ ನನಗೆ ಹಿಂದೆ ಆಗಿದೆ.

ಉತ್ತರ: ಖಂಡಿತವಾಗಿ ಹೋಗಿ ಬನ್ನಿ. ಆದರೆ ಹೋಗುವ ಮೊದಲು ಒಂದು ಸಂಗತಿಯನ್ನು ತಿಳಿದುಕೊಂಡಿದ್ದರೆ ನಿಮಗೆ ಹಿಂದಿನ ನಿರಾಸೆ ಮತ್ತೆ ಆಗಲಾರದು. ಬಹುಪಾಲು ಲೇಖಕರ ಮನೆಗಳನ್ನು ಅವರು ತೀರಿಕೊಂಡ ಮೇಲೆ ಬೇರೆಯವರು ಜೋಡಿಸಿಟ್ಟಿರುತ್ತಾರೆ. ಚದುರಿಹೋದ ಸಾಮಾನುಗಳನ್ನು ಹುಡುಕಿ ತಂದು, ಇಲ್ಲದ್ದನ್ನು ಆ ಕಾಲದ ಬೇರೆ ವಸ್ತುಗಳಿಂದ ತುಂಬಿಸಿರುತ್ತಾರೆ. ಷಾ ಅವರ ಮನೆ ಹಾಗಲ್ಲ. ಹರ್ಟ್‌ಫರ್ಡ್‌ಷೈರಿನ ಏಯಟ್ ಸೇಂಟ್ ಲಾರೆನ್ಸ್ ಎಂಬ ಪುಟ್ಟ ಹಳ್ಳಿಯಲ್ಲಿರುವ ಈ ಮನೆಯನ್ನು 1944ರಲ್ಲಿ, ತಾವು ಬದುಕಿದ್ದಾಗಲೇ, ಅವರು ಚಾರಿತ್ರಿಕ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಆಮೇಲೂ 1950ರ ನವೆಂಬರ್ 2ರಂದು ತೀರಿಕೊಳ್ಳುವವರೆಗೆ ಅದರಲ್ಲೇ ಇದ್ದರು. ಮುಂದೆ ಜನರು ಬಂದು ನೋಡುವರೆಂಬುದು ಗೊತ್ತಿದ್ದು, ಲಂಡನ್ನಿನ ವಾಸದ ಮನೆಯಿಂದಲೂ ಕೆಲವು ವಸ್ತುಗಳನ್ನು ಇಲ್ಲಿಗೆ ತರಿಸಿದ್ದರು. ಆದ್ದರಿಂದ ಅಲ್ಲಿ ನಿಮಗೆ ಕಾಣುವುದು ಬರಿಯ ಮನೆಯಲ್ಲ, ಒಬ್ಬ ನಾಟಕಕಾರ ತನ್ನ ಕೈಯಾರೆ ಸಜ್ಜುಗೊಳಿಸಿದ ಕೊನೆಯ ರಂಗಸಜ್ಜಿಕೆ. ಯಾವ ವಸ್ತು ಎಲ್ಲಿದೆ ಎಂಬುದನ್ನಷ್ಟೇ ನೋಡದೆ, ಅದನ್ನು ಅಲ್ಲಿಟ್ಟದ್ದು ಯಾರಿಗೆ ಕಾಣಲೆಂದು ಎಂದು ಕೇಳಿಕೊಳ್ಳುತ್ತ ಕೋಣೆಯಿಂದ ಕೋಣೆಗೆ ನಡೆಯಿರಿ.

ಊಟದ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ ಎಂಬುದು ನನ್ನ ಸಲಹೆ. ಅಗ್ಗಿಷ್ಟಿಕೆಯ ಮೇಲಿನ ಹಲಗೆಯ ಮೇಲೆ ಗಾಂಧೀಜಿ, ಲೆನಿನ್, ಸ್ಟಾಲಿನ್, ನಾರ್ವೆಯ ನಾಟಕಕಾರ ಇಬ್ಸೆನ್ ಮೊದಲಾದವರ ಚಿತ್ರಗಳು ಸಾಲಾಗಿ ನಿಂತಿವೆ. ಜೊತೆಗೆ ಷಾ 1856ರಲ್ಲಿ ಹುಟ್ಟಿದ ಡಬ್ಲಿನ್ನಿನ ಮನೆಯ ಚಿತ್ರವೂ ಇದೆ. ಗಾಂಧೀಜಿಯವರನ್ನು ಷಾ 1931ರಲ್ಲಿ, ದುಂಡುಮೇಜಿನ ಪರಿಷತ್ತಿನ ಸಂದರ್ಭದಲ್ಲಿ, ಲಂಡನ್ನಿನಲ್ಲಿ ಭೇಟಿಯಾಗಿದ್ದರು. ಆದರೆ ಅಹಿಂಸೆಯನ್ನು ಉಸಿರಾಗಿಸಿಕೊಂಡವರ ಸಾಲಿನಲ್ಲೇ ಸರ್ವಾಧಿಕಾರಿ ಸ್ಟಾಲಿನ್ ನಿಂತಿರುವುದನ್ನು ನೋಡಿದಾಗ ಅಭಿಮಾನಿಗಳಾದ ನಮ್ಮ ಮನಸ್ಸು ಕಸಿವಿಸಿಗೊಳ್ಳುತ್ತದೆ, ಕಸಿವಿಸಿಗೊಳ್ಳಲೂ ಬೇಕು. ಮೆಚ್ಚಿನ ಲೇಖಕನ ದೊಡ್ಡ ತಪ್ಪೊಂದನ್ನು ಅವನದೇ ಮನೆಯಲ್ಲಿ, ಅವನೇ ಇಟ್ಟ ಜಾಗದಲ್ಲಿ ನೋಡುವ ಅವಕಾಶ ನಮಗೆ ಪುಸ್ತಕಗಳಲ್ಲಿ ಅಷ್ಟು ನೇರವಾಗಿ ದೊರೆಯುವುದಿಲ್ಲ. ಟ್ರಸ್ಟಿನವರು ಆ ಚಿತ್ರವನ್ನು ತೆಗೆದಿಡದೆ ಹಾಗೆಯೇ ಉಳಿಸಿರುವುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಷಾ ಕೊನೆಯುಸಿರೆಳೆದದ್ದೂ ಇದೇ ಕೋಣೆಯಲ್ಲಿ. 94ರ ವಯಸ್ಸಿನಲ್ಲಿ ತೋಟದಲ್ಲಿ ಕೊಂಬೆ ಕತ್ತರಿಸಲು ಹೋಗಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ, ಮಹಡಿ ಹತ್ತಲಾಗದೆ, ಅವರ ಹಾಸಿಗೆಯನ್ನು ಅಲ್ಲಿಗೆ ಇಳಿಸಲಾಗಿತ್ತು.

ನಡುಮನೆಯಲ್ಲಿ ಗೂಟಕ್ಕೆ ತಗುಲಿಹಾಕಿದ ಟೋಪಿಗಳಿವೆ, ಪಿಯಾನೊ ಇದೆ. ಬೈಠಕ್ಕಿನ ಕೋಣೆಯಲ್ಲಿ ಫ್ರಾನ್ಸಿನ ಶಿಲ್ಪಿ ರೋದಾಂ ರೂಪಿಸಿದ ಷಾ ಅವರ ಎದೆಮಟ್ಟದ ಪ್ರತಿಮೆಯಿದೆ. ಓದುವ ಕೋಣೆಯಲ್ಲಿ ಬೆರಳಚ್ಚು ಯಂತ್ರವಿದೆ. ಇವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ತಪ್ಪಿಸಿಕೊಳ್ಳುವುದು ಷಾರ್ಲೆಟ್ ಅವರನ್ನು. 1898ರಲ್ಲಿ ಷಾ ಅವರ ಕೈಹಿಡಿದು, 1906ರಲ್ಲಿ ಅವರೊಡನೆ ಈ ಮನೆಗೆ ಬಂದು, 1943ರಲ್ಲಿ ತೀರಿಕೊಳ್ಳುವವರೆಗೆ ಸಂಸಾರವನ್ನು ತೂಗಿಸಿದ ಈ ಹೆಣ್ಣುಮಗಳ ಗುರುತುಗಳು ಗಂಡನ ಗುರುತುಗಳಷ್ಟು ಎದ್ದು ಕಾಣುವುದಿಲ್ಲ. ಸಂಜೆ ಷಾ ಕೆಳಗೆ ಪಿಯಾನೊ ನುಡಿಸುತ್ತ ಹಾಡುತ್ತಿದ್ದರೆ, ಕಾಯಿಲೆಯಿಂದ ಮಹಡಿಯಲ್ಲಿ ಮಲಗಿದ್ದ ಷಾರ್ಲೆಟ್ ಅದನ್ನು ಕೇಳಿಸಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಆ ಪಿಯಾನೊದ ಮುಂದೆ ನಿಂತಾಗ ಒಮ್ಮೆ ಮೆಟ್ಟಿಲುಗಳ ಕಡೆಗೆ ತಿರುಗಿ ನೋಡಿ. ಇಬ್ಬರ ಚಿತಾಭಸ್ಮವನ್ನೂ ಬೆರೆಸಿ ತೋಟದಲ್ಲೇ ಚೆಲ್ಲಿದರು; ನೀವು ನಡೆಯುವ ಹಾದಿಯ ಅಕ್ಕಪಕ್ಕದ ಮಣ್ಣಿನಲ್ಲಿ ಅವರಿಬ್ಬರೂ ಇದ್ದಾರೆ.

ಹಳ್ಳಿಗೆ ರೈಲಿಲ್ಲ. ವೆಲ್ವಿನ್ ಗಾರ್ಡನ್ ಸಿಟಿ ಅಥವಾ ಹಾರ್ಪೆಂಡನ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಿರಿದಾದ ರಸ್ತೆಗಳಲ್ಲಿ ಕಾರಿನಲ್ಲಿ ಹೋಗಬೇಕು. ಮನೆ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ಟ್ರಸ್ಟಿನ ಜಾಲತಾಣದಲ್ಲಿ ದಿನ, ಸಮಯ ನೋಡಿಕೊಂಡೇ ಹೊರಡಿ. ಹೊರಡುವ ಮುನ್ನ ಅವರ ‘ಸೇಂಟ್ ಜೋನ್’ ನಾಟಕವನ್ನು ಓದಿಕೊಂಡರೆ ಒಳ್ಳೆಯದು. ತೋಟದಲ್ಲಿ ಜೋನಳ ಪ್ರತಿಮೆಯೇ ನಿಮ್ಮನ್ನು ಎದುರುಗೊಳ್ಳುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದ ಮೊಮ್ಮಗನೂ ನನ್ನ ಜೊತೆಗಿರುತ್ತಾನೆ. ಷಾ ಯಾರೆಂಬುದು ಅವನಿಗೆ ಗೊತ್ತಿಲ್ಲ. ಅವನಿಗೆ ಬೇಸರವಾಗದೆ?

ಉತ್ತರ: ಅವನನ್ನು ಮೊದಲು ಮನೆಯೊಳಗೆ ಕರೆದೊಯ್ಯಬೇಡಿ, ನೇರವಾಗಿ ತೋಟದ ಕೊನೆಗೆ ಕರೆದೊಯ್ಯಿರಿ. ಅಲ್ಲಿ ಮರಗಳ ಮರೆಯಲ್ಲಿ ಮರದ ಒಂದು ಪುಟ್ಟ ಗುಡಿಸಲಿದೆ. ಷಾ ಬೆಳಗಿನ ಹೊತ್ತು ಬರೆಯುತ್ತಿದ್ದದ್ದು ಅಲ್ಲಿ. ಬಿಸಿಲು ಸರಿದಂತೆ ಗುಡಿಸಲನ್ನೇ ಬಿಸಿಲಿನ ಕಡೆಗೆ ತಿರುಗಿಸಿಕೊಳ್ಳಬಹುದಾದ ಹಾಗೆ ಅದನ್ನು ಕಟ್ಟಲಾಗಿದೆ. ಒಳಗೆ ಒಂದು ಮೇಜು, ಬೆತ್ತದ ಕುರ್ಚಿ, ಬೆರಳಚ್ಚು ಯಂತ್ರ, ಮಲಗಲು ಸಣ್ಣ ಮಂಚ, ಮನೆಯೊಡನೆ ಮಾತನಾಡಲು ದೂರವಾಣಿ. ಆ ಗುಡಿಸಲಿಗೆ ಷಾ ‘ಲಂಡನ್’ ಎಂದು ಹೆಸರಿಟ್ಟಿದ್ದರು. ಬೇಡದ ಅತಿಥಿಗಳು ಬಂದರೆ ಮನೆಯವರು ಸುಳ್ಳಿನ ಹಂಗಿಲ್ಲದೆ “ಅವರು ಲಂಡನ್ನಿಗೆ ಹೋಗಿದ್ದಾರೆ” ಎಂದು ಹೇಳಿ ಕಳುಹಿಸಬಹುದಾಗಿತ್ತು. ಈ ಕತೆ ಕೇಳಿದ ಮೇಲೆ ಷಾ ಯಾರೆಂದು ಅವನೇ ನಿಮ್ಮನ್ನು ಕೇಳುತ್ತಾನೆ. ಆಗ ಒಳಗೆ ಹೋಗಿ, 1925ರ ನೊಬೆಲ್ ಪುರಸ್ಕಾರವನ್ನೂ ‘ಪಿಗ್ಮೇಲಿಯನ್’ ಚಿತ್ರದ ಚಿತ್ರಕಥೆಗೆ ಬಂದ ಆಸ್ಕರ್ ಪ್ರಶಸ್ತಿಯನ್ನೂ ಪಡೆದವರು ಇದೇ ಷಾ ಎಂದು ಹೇಳಿ.

ಪ್ರಶ್ನೆ: ನಾಟಕ ಬದುಕುವುದು ರಂಗದ ಮೇಲೆ. ನಾಟಕಕಾರನ ಮನೆಯನ್ನು ಇದ್ದಂತೆಯೇ ಕಾಯ್ದಿಡಲು ವ್ಯಯಿಸುವ ಹಣವನ್ನು ನಾಟಕ ಆಡಿಸುವುದಕ್ಕೆ ಬಳಸಬಾರದೆ? (ಇನ್ನೊಬ್ಬ ಓದುಗರು)

ಉತ್ತರ: ನಿಮ್ಮ ಮಾತಿನ ಹಿಂದಿನ ಕಳಕಳಿ ನನ್ನದೂ ಹೌದು, ಆದರೆ ಎರಡನ್ನು ಎದುರುಬದುರು ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ಸಂಭಾಷಣೆ ಹಾಳೆಯ ಮೇಲೆ ಉಳಿಯುತ್ತದೆ. ಅದನ್ನು ಬರೆದವನು ಎಷ್ಟು ಇಕ್ಕಟ್ಟಿನ ಜಾಗದಲ್ಲಿ, ಎಷ್ಟು ಏಕಾಂತದಲ್ಲಿ, ಎಷ್ಟು ಶಿಸ್ತಿನಿಂದ ಕುಳಿತಿದ್ದನೆಂಬುದು ಹಾಳೆಯ ಮೇಲೆ ಉಳಿಯುವುದಿಲ್ಲ. ಇಡೀ ಜಗತ್ತಿನೊಡನೆ ವಾದಿಸಿದ ಮನುಷ್ಯನೊಬ್ಬ ಆ ವಾದಗಳನ್ನು ಹೆಣೆದದ್ದು ನಾಲ್ಕು ಹೆಜ್ಜೆಯ ಗುಡಿಸಲಿನಲ್ಲಿ ಎಂಬುದನ್ನು ಕಣ್ಣಾರೆ ಕಂಡ ನಟ, ಆ ಸಾಲುಗಳನ್ನು ಮುಂಚಿನಂತೆ ಹೇಳಲಾರ ಎಂದು ನಾನು ನಂಬುತ್ತೇನೆ. ಷಾ ಅವರ ಮನೆಯ ಮಟ್ಟಿಗಂತೂ ರಂಗ ಹೊರಗುಳಿದಿಲ್ಲ: ಅವರ ಜನ್ಮದಿನವಾದ ಜುಲೈ 26ರ ಆಸುಪಾಸಿನಲ್ಲಿ ಅವರ ನಾಟಕಗಳನ್ನು ಮನೆಯ ಹಿಂದಿನ ಹುಲ್ಲುಹಾಸಿನ ಮೇಲೆ ಆಡುವ ಪದ್ಧತಿ ಬೆಳೆದುಬಂದಿದೆ. ಮನೆಯನ್ನೇ ಹಿನ್ನೆಲೆಯ ಪರದೆಯಾಗಿಸಿಕೊಂಡು, ಹೊತ್ತು ಮುಳುಗುವ ಬೆಳಕಿನಲ್ಲಿ, ಬಯಲಿನಲ್ಲಿ ಕುಳಿತ ಜನರ ಮುಂದೆ. ಮೊದಲ ಪ್ರಶ್ನೆ ಕೇಳಿದ ಓದುಗರು ಬೇಸಿಗೆಯಲ್ಲೇ ಹೋಗುತ್ತಿರುವುದರಿಂದ, ಮನೆ ನೋಡುವ ದಿನವನ್ನು ನಿಗದಿಪಡಿಸುವ ಮೊದಲು ಈ ಸಲ ಅಲ್ಲಿ ನಾಟಕವೇನಾದರೂ ಇದೆಯೆ ಎಂದು ವಿಚಾರಿಸಿಕೊಳ್ಳಲಿ.