ಇಂಟರ್‌ಕೂಲರ್ ಬದಲಿಸುವ ಮೊದಲು ಗಾಳಿಯ ಬಿಸಿ ಅಳೆಯಿರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಸೆಕೆ ಏರುತ್ತಿದ್ದಂತೆ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಓದುಗರಿಂದ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸಂಬಂಧಿಸಿರುತ್ತವೆ: ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿಸಬಹುದೇ? ಚುಟುಕಾಗಿ ಉತ್ತರಿಸಿದಷ್ಟೂ ಪ್ರಶ್ನೆ ಮರಳಿ ಬರುತ್ತಿರುವುದರಿಂದ ಈ ಬಾರಿ ಅಂಕಣದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ; ಹಾಗೆ ಒತ್ತಿದಾಗ ಬಿಸಿಯಾದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವುದು ಇಂಟರ್‌ಕೂಲರ್.

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಮಳೆಗಾಲದಲ್ಲಿ ಚೆನ್ನಾಗಿ ಎಳೆಯುತ್ತದೆ, ಮಾರ್ಚ್ ಕಳೆದರೆ ಪಿಕಪ್ ಮಂಕಾಗುತ್ತದೆ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಹತ್ತುವಾಗ ಸ್ವಲ್ಪ ದೂರ ಹೋದ ಮೇಲೆ ಸೋತಂತಾಗುತ್ತದೆ. ದೊಡ್ಡ ಇಂಟರ್‌ಕೂಲರ್ ಒಂದನ್ನು ಹಾಕಿದರೆ ಸಾಕು, ಬೇರೇನೂ ಮಾಡದೆ 20 ಅಶ್ವಶಕ್ತಿ ಹೆಚ್ಚುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ನಿಜವೇ? (ಬದಿಯಡ್ಕದ ಓದುಗರು)

ಉತ್ತರ: 20 ಅಶ್ವಶಕ್ತಿಯ ಮಾತು ಸುಳ್ಳು. ಅದನ್ನು ನಂಬಿ ಹಣ ಕಳೆದುಕೊಂಡವರನ್ನು ಕಂಡು ನನಗೆ ನಿಜಕ್ಕೂ ಬೇಸರವಾಗಿದೆ. ಆದ್ದರಿಂದ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಟರ್ಬೊ ಗಾಳಿಯನ್ನು ವಾತಾವರಣದ ಒತ್ತಡದ ಎರಡು ಪಟ್ಟಿಗೆ ಒತ್ತುತ್ತದೆಂದೂ ಅದರ ಕಂಪ್ರೆಸರಿನ ದಕ್ಷತೆ ಶೇ. 70 ಎಂದೂ ಇಟ್ಟುಕೊಂಡರೆ, ನಮ್ಮ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯ ಗಾಳಿ ಟರ್ಬೊದಿಂದ ಹೊರಬೀಳುವಾಗ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಏರಿರುತ್ತದೆ. ಹೀಗೆ ಸೇರಿಕೊಂಡ 95 ಡಿಗ್ರಿ ಬಿಸಿಯಲ್ಲಿ ಶೇ. 70ರಷ್ಟನ್ನು ಕಳೆಯುವ ಇಂಟರ್‌ಕೂಲರ್ ಇದ್ದರೆ ಎಂಜಿನ್ನಿಗೆ ಹೋಗುವ ಗಾಳಿ ಸುಮಾರು 64 ಡಿಗ್ರಿಯಲ್ಲಿರುತ್ತದೆ, ಶೇ. 80ರಷ್ಟನ್ನು ಕಳೆಯುವ ದೊಡ್ಡದನ್ನು ಕೂರಿಸಿದರೆ 54 ಡಿಗ್ರಿಗೆ ಇಳಿಯುತ್ತದೆ. ಈ 10 ಡಿಗ್ರಿಯಿಂದ ಗಾಳಿಯ ಸಾಂದ್ರತೆ ಹೆಚ್ಚುವುದು ಸುಮಾರು ಶೇ. 3 ಮಾತ್ರ. 120 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು ಪೂರ್ತಿಯಾಗಿ ಶಕ್ತಿಯಾಗಿ ಬದಲಾದರೂ ನಾಲ್ಕು ಅಶ್ವಶಕ್ತಿಯನ್ನು ಮುಟ್ಟುವುದಿಲ್ಲ. ಅದೂ ಪೂರ್ತಿ ಸಿಗುವ ಭರವಸೆಯಿಲ್ಲ, ಏಕೆಂದರೆ ಈಗಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂಬುದನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ನಿಶ್ಚಯಿಸುತ್ತದೆ. ಗಾಳಿ ದಟ್ಟವಾಗಿ ಬಂದರೆ ಅದು ಬೂಸ್ಟನ್ನೋ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಥ್ರಾಟಲನ್ನೋ (ಗಾಳಿಯ ದಾರಿಯ ಕವಾಟ) ತಗ್ಗಿಸಿ ತನ್ನ ಗುರಿಗೆ ಸರಿಹೊಂದಿಸಿಕೊಳ್ಳುತ್ತದೆ. ರೀಮ್ಯಾಪ್ ಮಾಡಿಸಿದ, ಅಂದರೆ ಇಸಿಯುವಿನ ಲೆಕ್ಕಾಚಾರವನ್ನೇ ಬದಲಿಸಿದ ಕಾರಿನ ಡೈನೊ ಚೀಟಿಯನ್ನು (ಶಕ್ತಿ ಅಳೆಯುವ ಯಂತ್ರ ಕೊಡುವ ವರದಿ) ತೋರಿಸಿ ಬರಿಯ ಇಂಟರ್‌ಕೂಲರ್ ಮಾರುವುದು ಗಿರಾಕಿಗೆ ಮಾಡುವ ಮೋಸ.

ಹಾಗಿದ್ದರೂ ನಿಮ್ಮ ದೂರು ಸುಳ್ಳಲ್ಲ. ಎರಡನೆಯ ಗೇರಿನಲ್ಲಿ, ಗಂಟೆಗೆ 25-30 ಕಿಲೋಮೀಟರ್ ವೇಗದಲ್ಲಿ, ಎ.ಸಿ. ಹಾಕಿಕೊಂಡು, ತಿರುವಿನಿಂದ ತಿರುವಿಗೆ ಆಕ್ಸಿಲರೇಟರ್ ಒತ್ತುತ್ತ ಘಾಟಿ ಹತ್ತುವಾಗ ಇಂಟರ್‌ಕೂಲರಿನ ಮೇಲೆ ಹಾಯುವ ಹೊರಗಾಳಿ ತೀರ ಕಡಿಮೆ, ಒಳಗಿನಿಂದ ಬರುವ ಬಿಸಿ ತೀರ ಹೆಚ್ಚು. ಅದರ ಕೋರ್ (ಗಾಳಿ ಹಾಯ್ದು ತಣಿಯುವ ನಡುಭಾಗ) ತಣಿಯಲು ಸಮಯವೇ ಸಿಗದೆ ಪ್ರತಿ ತಿರುವಿಗೂ ಇನ್ನಷ್ಟು ಕಾಯುತ್ತದೆ. ಒಳಹೋಗುವ ಗಾಳಿ ಕಾದರೆ ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿದು ಎಂಜಿನ್ನಿಗೆ ಪೆಟ್ಟು ಬೀಳುವುದು) ಆಗುವ ಅಪಾಯವಿರುವುದರಿಂದ ಇಸಿಯು ಸ್ಪಾರ್ಕಿನ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ಸ್ಪಾರ್ಕನ್ನು ತಡಮಾಡುತ್ತದೆ, ಬೂಸ್ಟನ್ನೂ ಇಳಿಸುತ್ತದೆ. ಕಾರು ಸೋತಂತೆ ನಿಮಗೆ ಅನ್ನಿಸುವುದು ಆಗಲೇ. ದೊಡ್ಡ ಇಂಟರ್‌ಕೂಲರ್ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ: ಕಾರಿಗೆ ಇಲ್ಲದ ಶಕ್ತಿಯನ್ನು ಅದು ತಂದುಕೊಡುವುದಿಲ್ಲ, ಇರುವ ಶಕ್ತಿ ಘಾಟಿಯ ನಡುವೆ ಕರಗದಂತೆ ಹೆಚ್ಚು ಹೊತ್ತು ಉಳಿಸುತ್ತದೆ.

ಆದರೆ ನಿಮ್ಮ ಕಾರಿನಲ್ಲಿ ಆಗುತ್ತಿರುವುದು ಇದೇ ಎಂಬುದು ಅಳೆಯದೆ ತಿಳಿಯುವುದಿಲ್ಲ, ಮತ್ತು ಅಳೆಯದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಫೋನಿಗೆ ಜೋಡಿಸುವ ಒಂದು ಸಾಮಾನ್ಯ ಒಬಿಡಿ ಸಾಧನ (ಕಾರಿನ ಸೆನ್ಸರುಗಳ ಅಂಕಿಗಳನ್ನು ಓದುವ ಉಪಕರಣ) ಕೊಂಡು, ಪಕ್ಕದಲ್ಲಿ ಕುಳಿತವರ ಕೈಗೆ ಫೋನು ಕೊಟ್ಟು, ಒಳಗಾಳಿಯ ತಾಪಮಾನ ಮತ್ತು ಸ್ಪಾರ್ಕ್ ಟೈಮಿಂಗ್ ಎರಡನ್ನೂ ಘಾಟಿಯ ಕೆಳಗಿನಿಂದ ಮೇಲಿನವರೆಗೆ ದಾಖಲಿಸಿಕೊಳ್ಳಿ. ಕೆಲವು ಕಾರುಗಳಲ್ಲಿ ಒಬಿಡಿ ತೋರಿಸುವ ತಾಪಮಾನ ಏರ್ ಫಿಲ್ಟರಿನ ಬಳಿಯ ಸೆನ್ಸರಿನದು. ಅದರಿಂದ ಇಂಟರ್‌ಕೂಲರಿನ ಬಗ್ಗೆ ಏನೂ ತಿಳಿಯದು. ನಿಮಗೆ ಬೇಕಾದದ್ದು ಇಂಟರ್‌ಕೂಲರ್ ದಾಟಿದ ಮೇಲಿನ ಸೆನ್ಸರಿನ ಅಂಕಿ. ಅದು ಹೊರಗಿನ ಬಿಸಿಗಿಂತ 15-20 ಡಿಗ್ರಿಯೊಳಗೇ ಉಳಿದರೆ ಇರುವ ಇಂಟರ್‌ಕೂಲರನ್ನು ಮುಟ್ಟಬೇಡಿ. ಹೊರಗಿನ ಬಿಸಿಗಿಂತ 40 ಡಿಗ್ರಿಗೂ ಮೀರಿ ಏರುತ್ತ, ಜೊತೆಗೆ ಟೈಮಿಂಗ್ ಹಿಂದೆ ಸರಿಯುತ್ತಿದ್ದರೆ ಆಗ ಮುಂದಿನ ಮಾತು.

ಆ ಮುಂದಿನ ಮಾತೂ ಸೋರಿಕೆಯಿಂದಲೇ ಆರಂಭವಾಗಬೇಕು. ಪಿಕಪ್ ಇಲ್ಲವೆಂದು ನನ್ನ ಬಳಿಗೆ ಬರುವ ಟರ್ಬೊ ಕಾರುಗಳಲ್ಲಿ ಹೆಚ್ಚಿನವುಗಳ ತೊಂದರೆ ಹೋಸಿನ ಬಾಯಿಯಲ್ಲಿ ಸಡಿಲವಾದ ಕ್ಲಿಪ್ಪು, ಒಡೆದ ರಬ್ಬರ್ ಅಥವಾ ಇಂಟರ್‌ಕೂಲರಿನ ಪ್ಲಾಸ್ಟಿಕ್ ತುದಿಯ ಅಂಚಿನಲ್ಲಿ ಬಿಟ್ಟುಕೊಂಡ ಕೋರ್. ಸೋರಿದ ಗಾಳಿಯ ಕೊರತೆ ತುಂಬಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ, ಕೊನೆಗೆ ಅಪರಾಧ ಇಂಟರ್‌ಕೂಲರಿನ ತಲೆಗೆ ಬರುತ್ತದೆ. ಎಂಜಿನ್ ನಿಲ್ಲಿಸಿ, ಫಿಲ್ಟರಿನ ಕಡೆಯಿಂದ ಮುಚ್ಚಿ, ಕಾರಿನ ಮಾಮೂಲಿ ಬೂಸ್ಟನ್ನು ಮೀರದಂತೆ ರೆಗ್ಯುಲೇಟರ್ ಮೂಲಕ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಬೇಕು. ಟಯರಿಗೆ ಗಾಳಿ ಹಾಕುವ ಪೈಪನ್ನೇ ನೇರವಾಗಿ ಸಿಕ್ಕಿಸುವ ಮೆಕ್ಯಾನಿಕ್ ನಿಮ್ಮ ಟರ್ಬೊದ ಸೀಲನ್ನು ಹಾಳುಮಾಡುತ್ತಾನೆ. ಅಂಥವರ ಕೈಗೆ ಕಾರು ಕೊಡಬೇಡಿ. ಆಮೇಲೆ ಬಂಪರಿನೊಳಗೆ ಟಾರ್ಚ್ ಹಾಕಿ ಇಂಟರ್‌ಕೂಲರಿನ ಫಿನ್ನುಗಳನ್ನು (ಬಿಸಿಯನ್ನು ಹೊರಗಾಳಿಗೆ ಬಿಡುವ ತೆಳು ತಗಡುಗಳು) ನೋಡಿ. ಮುರಕಲ್ಲಿನ ಧೂಳು ಮಳೆಗಾಲದ ಕೆಸರಿನೊಡನೆ ಸೇರಿ ಫಿನ್ನುಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ವಾಟರ್ ಸರ್ವಿಸಿನಲ್ಲಿ ಜೋರು ನೀರನ್ನು ಎದುರಿನಿಂದ ಹೊಡೆದರೆ ಫಿನ್ನುಗಳು ಮಡಚಿ ದಾರಿಯೇ ಮುಚ್ಚಿಹೋಗುತ್ತದೆ. ಹಿಂಬದಿಯಿಂದ, ಮೆಲುವಾದ ನೀರಿನಲ್ಲಿ ತೊಳೆಸಿ, ಮತ್ತೊಮ್ಮೆ ಅದೇ ಘಾಟಿಯಲ್ಲಿ ಅಳೆಯಿರಿ.

ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ಬದಲಿಸಿ, ಆದರೆ ನಿಮ್ಮ ಮಾದರಿಗೆಂದೇ ತಯಾರಾದದ್ದನ್ನು ಮಾತ್ರ. ಬಾರ್ ಅಂಡ್ ಪ್ಲೇಟ್ ಕೋರ್ ಭಾರವಾದದ್ದು, ಹೆಚ್ಚು ಬಿಸಿಯನ್ನು ಹೀರಿಕೊಂಡು ನಿಧಾನವಾಗಿ ಕಾಯುತ್ತದೆ; ಟ್ಯೂಬ್ ಅಂಡ್ ಫಿನ್ ಹಗುರ, ಹೊರಗಾಳಿಯನ್ನು ಸುಲಭವಾಗಿ ಹಿಂದಕ್ಕೆ ಬಿಡುತ್ತದೆ. ಘಾಟಿಗೆ ಮೊದಲನೆಯದು ಮೇಲೆಂದು ತೋರಿದರೂ ಅದು ತೀರ ದಪ್ಪವಾಗಿದ್ದರೆ ಹಿಂದಿರುವ ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ಗಾಳಿ ಸಾಲದು. ತಲಪಾಡಿ ಟೋಲಿನ ಸಾಲಿನಲ್ಲಿ ಎ.ಸಿ. ಬಿಸಿಗಾಳಿ ಊದತೊಡಗಿದರೆ ನಿಮಗೆ ಆದ ಲಾಭವೇನು? ನಮ್ಮ ಕರಾವಳಿಯ ಕಾರಿಗೆ ಮಧ್ಯಮ ದಪ್ಪಕ್ಕಿಂತ ಹೆಚ್ಚಿನದನ್ನು ನಾನು ಹಾಕಿಕೊಡುವುದಿಲ್ಲ. ಕೋರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗ ಗಾಳಿಯ ಒತ್ತಡ ಎಷ್ಟು ಕಡಿಮೆಯಾಗುತ್ತದೆಂದು ಮಾರುವವರನ್ನು ಕೇಳಿ. ಉತ್ತರ ಬಾರದಿದ್ದರೆ ಆ ಅಂಗಡಿಯಿಂದ ಹೊರಟುಬನ್ನಿ. ಬಂಪರಿನ ಹಿಂದಿನ ಕ್ರ್ಯಾಶ್ ಬೀಮ್ ಕತ್ತರಿಸಬೇಕೆಂದರಂತೂ ಮಾತು ಮುಂದುವರಿಸಲೇಬೇಡಿ, ಅದು ಅಪಘಾತದಲ್ಲಿ ನಿಮ್ಮ ಜೀವ ಉಳಿಸುವ ಭಾಗ. ನಿಮ್ಮದು ಫೋಕ್ಸ್‌ವ್ಯಾಗನ್-ಸ್ಕೋಡಾದ 1.0 ಟಿಎಸ್‌ಐ ಆಗಿದ್ದರೆ ಮೇಲಿನ ಯಾವ ಕೋರ್ ವಿಚಾರವೂ ನಿಮಗೆ ಅನ್ವಯಿಸದು. ಅದರಲ್ಲಿ ಗಾಳಿಯನ್ನು ತಣಿಸುವುದು ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ (ಎಂಜಿನ್ನಿಗೆ ಗಾಳಿ ಹಂಚುವ ಭಾಗದೊಳಗಿನ) ನೀರಿನ ಕೂಲರ್, ಆದ್ದರಿಂದ ಅದರ ಕೂಲಂಟ್ ಮತ್ತು ಪಂಪನ್ನು ಪರೀಕ್ಷಿಸಿ.

ಪ್ರಶ್ನೆ: ಟರ್ಬೊ ಇಲ್ಲದ ಕಾರಿಗೆ ಇಂಟರ್‌ಕೂಲರ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆಯೇ? (ಪೆರ್ಲ)

ಉತ್ತರ: ಇಲ್ಲ, ಒತ್ತಿ ಬಿಸಿಯಾದ ಗಾಳಿಯೇ ಇಲ್ಲದಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ರಶ್ನೆ: ಇಂಟರ್‌ಕೂಲರಿಗೆ ಕಪ್ಪು ‘ಕೂಲಿಂಗ್ ಪೇಂಟ್’ ಬಳಿಸಬಹುದೇ? (ಕುಂಬಳೆ)

ಉತ್ತರ: ಬೇಡ, ದಪ್ಪ ಬಣ್ಣ ಬಿಸಿಯನ್ನು ಒಳಗೇ ತಡೆಯುತ್ತದೆ.

ಪ್ರಶ್ನೆ: ಡೀಸೆಲ್ ಕಾರಿನ ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ ಕಂಡಿತು. ಟರ್ಬೊ ಹೋಗಿದೆ, ಬದಲಿಸಲೇಬೇಕು ಎನ್ನುತ್ತಾರೆ. (ಉಪ್ಪಳ)

ಉತ್ತರ: ಪೈಪಿನ ಒಳಗೋಡೆಯಲ್ಲಿ ಎಣ್ಣೆಯ ತೆಳುವಾದ ಪಸೆ ಇರುವುದು ಸಹಜ, ಅದು ಎಂಜಿನ್ನಿನ ಬ್ರೀದರ್ (ಒಳಗಿನ ಆವಿಯನ್ನು ಹೊರಬಿಡುವ ಕೊಳವೆ) ಮೂಲಕ ಬರುತ್ತದೆ. ಇಂಟರ್‌ಕೂಲರಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಮಾತ್ರ ಕಾರು ಓಡಿಸಬೇಡಿ, ಏಕೆಂದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಎಳೆದುಕೊಂಡು ಕೀ ತೆಗೆದರೂ ನಿಲ್ಲದೆ ಓಡಿ ಒಡೆದುಹೋಗಬಲ್ಲದು. ಟರ್ಬೊ ನಿಜವಾಗಿ ಮುರಿದು ಬದಲಿಸುವ ಸಂದರ್ಭ ಬಂದರೆ ಹಳೆಯ ಇಂಟರ್‌ಕೂಲರನ್ನೂ ತೆಗೆಸಿ. ಅದರ ಸಂದುಗಳಲ್ಲಿ ಸಿಕ್ಕಿಕೊಂಡ ಲೋಹದ ಚೂರುಗಳು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಆಮೇಲೆ ಒಂದೊಂದಾಗಿ ಎಂಜಿನ್ನಿಗೆ ಸೇರುತ್ತವೆ.

ಪ್ರಶ್ನೆ: ಇಂಟರ್‌ಕೂಲರ್ ಬದಲಿಸಿದರೆ ಆರ್‌ಟಿಒ ದಂಡ ಹಾಕುತ್ತಾರೆಯೇ? (ಮುಳ್ಳೇರಿಯ)

ಉತ್ತರ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಇಂಟರ್‌ಕೂಲರಿನ ಅಳತೆ ನೋಂದಣಿ ಪತ್ರದಲ್ಲಿ ಇರುವುದಿಲ್ಲ. ನೀವು ಹೆಚ್ಚು ಯೋಚಿಸಬೇಕಾದದ್ದು ವಾರಂಟಿಯ ಬಗ್ಗೆ: ಅವಧಿ ಮುಗಿಯದ ಕಾರಾದರೆ ಈ ಬದಲಾವಣೆಯ ನಂತರವೂ ಎಂಜಿನ್ ಮತ್ತು ಟರ್ಬೊದ ವಾರಂಟಿ ಉಳಿಯುತ್ತದೆಯೇ ಎಂದು ಡೀಲರಿನಿಂದ ಬರವಣಿಗೆಯಲ್ಲಿ ಪಡೆಯಿರಿ, ಅದು ಸಿಗದಿದ್ದರೆ ಅವಧಿ ಮುಗಿಯುವವರೆಗೆ ಕಾಯಿರಿ.