ಉತ್ತರ: ಕಡಿಮೆ ಓಡಿರೋ 2002ರ 911 ತಗೋಬಹುದಾ?

2002ರ ಪೋರ್ಷೆ 911, ಬರೀ 30 ಸಾವಿರ ಕಿ.ಮೀ. ಓಡಿದೆ, ವರ್ಷಗಟ್ಲೆ ನಿಂತಿತ್ತು, ತಗೋಬಹುದಾ ಅಂತ ಕೇಳಿದ್ರಲ್ಲ. ತಗೊಳ್ಳಿ, ಆದ್ರೆ ಕಡಿಮೆ ಓಡಿದೆ ಅನ್ನೋದೊಂದನ್ನೇ ನೋಡಿ ಮರುಳಾಗ್ಬೇಡಿ. ನನ್ನದು ಬೇರೆ ಕಂಪನಿ ಸ್ಪೋರ್ಟ್ಸ್ ಕಾರು, ಇಪ್ಪತ್ತು ವರ್ಷ ದಾಟಿದೆ, ನಾನೂ ಹಿಂಗೇ ನಿಂತಿದ್ದ ಗಾಡಿ ಅಂತ ಖುಷಿಯಿಂದ ತಂದೆ, ಮೊದಲ ವರ್ಷಾನೇ ಕೂಲಂಟ್ ಪೈಪು, ಬುಷ್ಷು, ಇಂಜಿನ್ ಮೌಂಟು ಒಂದಾದ್ಮೇಲೊಂದು ಹೋಯ್ತು, ಯಾಕಂದ್ರೆ ರಬ್ಬರ್ ಸುಮ್ನೆ ನಿಂತ್ರೂ ಒಣಗಿ ಬಿರುಕು ಬಿಡುತ್ತೆ. ಟೈರ್ ಪಕ್ಕದ ಕೋಡಲ್ಲಿ ಕೊನೇ ನಾಲ್ಕು ಅಂಕಿ ನೋಡಿ, 1512 ಅಂದ್ರೆ 2012ರ 15ನೇ ವಾರ ತಯಾರಾದದ್ದು, ಅಷ್ಟು ಹಳೇ ಟೈರಾದ್ರೆ ಬಟನ್ (ಮೇಲಿನ ಗ್ರಿಪ್) ಎಷ್ಟೇ ಇದ್ರೂ ಅದನ್ನ ನಂಬಿ ಸ್ಪೀಡ್ ಹೋಗ್ಬೇಡಿ.

ಆ ಕಾಲದ 911ರಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ಐಎಂಎಸ್ ಬೇರಿಂಗ್, ಅಂದ್ರೆ ಇಂಜಿನ್ ಒಳಗಿನ ಇಂಟರ್ಮೀಡಿಯೇಟ್ ಶಾಫ್ಟ್ ಹಿಡಿದಿರೋ ಬೇರಿಂಗ್. ಎಲ್ಲಾ ಗಾಡೀಲೂ ಹೋಗಲ್ಲ, ಹೋದ್ರೆ ಮಾತ್ರ ವಾಲ್ವ್-ಪಿಸ್ಟನ್ ಟೈಮಿಂಗ್ ತಪ್ಪಿ ಇಂಜಿನ್ನೇ ಹಾಳು (ಟರ್ಬೋ, ಜಿಟಿ3 ಇಂಜಿನ್ ಬೇರೆ, ಅದಕ್ಕೆ ಈ ಭಯ ಇಲ್ಲ). ಬದಲಾಯಿಸಿರೋ ಬಿಲ್ ಕೇಳಿ, ಇಲ್ದಿದ್ರೆ ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದ್ಯಾ ನೋಡಿ. ಕ್ಲಚ್ ಕೆಲ್ಸಕ್ಕೆ ಹೇಗೂ ಗೇರ್‌ಬಾಕ್ಸ್ ಇಳಿಸ್ತಾರೆ, ಆಗ್ಲೇ ಬೇರಿಂಗೂ ಹಾಕ್ಸಿದ್ರೆ ಲೇಬರ್ ಉಳಿಯುತ್ತೆ.

ಅದೆಲ್ಲ ಸರಿಯಿದ್ರೆ ಬಿಡ್ಬೇಡಿ, ಹೈಡ್ರಾಲಿಕ್ ಸ್ಟೇರಿಂಗಲ್ಲಿ ರಸ್ತೆ ಕೈಗೇ ಗೊತ್ತಾಗುತ್ತೆ, ಆ ಸುಖ ಈಗಿನ ಕಾರುಗಳಲ್ಲಿ ನನಗಂತೂ ಸಿಕ್ಕಿಲ್ಲ.