‘ಲಾಯಿತು’ ಎಂದು ಮುಗಿಯುವ ವಾಕ್ಯಗಳ ಬಗ್ಗೆ

ಪ್ರಿಯರೇ,

ನಿಮ್ಮ ಲೇಖನ ‘ಗರ್ಭ ಮತ್ತು ಗದ್ದುಗೆ’ ಓದಿದೆ. ವಿಷಯ ಗಟ್ಟಿಯಾಗಿದೆ, ಭಾಷೆ ತಿಳಿಯಾಗಿದೆ. ಆದರೆ ಹೀಗೇ ಪ್ರಕಟಿಸಲಾರೆ. ಒಂದು ಅವಧಿಯಲ್ಲಿ ಗರ್ಭ ತೆಗೆಸಿಕೊಂಡು ಪದವಿ ಉಳಿಸಿಕೊಂಡವಳು, ಮುಂದಿನ ಅವಧಿಯಲ್ಲಿ ಮೂರನೆಯ ಮಗು ಹುಟ್ಟಿ ಆ ಪದವಿಯನ್ನೇ ಕಳೆದುಕೊಂಡವಳು, ನಿಮ್ಮ ರಾಜಸ್ಥಾನದ ಸರಪಂಚ್, ಅಂದರೆ ಪಂಚಾಯಿತಿ ಅಧ್ಯಕ್ಷೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಪದವಿಯಲ್ಲಿರುವಂತಿಲ್ಲ ಎಂಬ ನಿಯಮಕ್ಕೆ ಸಿಕ್ಕವಳು. ಅವಳ ಬಗ್ಗೆ ನೀವು ಬರೆದ ಮೂರು ವಾಕ್ಯಗಳು ನನ್ನನ್ನು ಬಿಡುತ್ತಿಲ್ಲ.

‘ದೂರಿನ ಮೇರೆಗೆ ಆಕೆಯನ್ನು ಅನರ್ಹಗೊಳಿಸಲಾಯಿತು.’ ಯಾರ ದೂರು? ಇಂಥ ದೂರಿನ ಹಿಂದೆ ಸಾಮಾನ್ಯವಾಗಿ ಸೋತ ಎದುರಾಳಿ ಇರುತ್ತಾರೆ. ಯಾವ ದಾಖಲೆ ಹಾಜರುಪಡಿಸಿದರು, ಜನನ ಪ್ರಮಾಣಪತ್ರವೋ, ಅಂಗನವಾಡಿ ಪುಸ್ತಕವೋ, ಶಾಲೆಯ ದಾಖಲಾತಿಯೋ? ರಾಜಸ್ಥಾನದಲ್ಲಿ ಈ ನಿಯಮದಡಿ ಮಕ್ಕಳ ಲೆಕ್ಕ ಶುರುವಾಗಿದ್ದು 1995ರ ನವೆಂಬರ್ 27ರಿಂದ. ಆ ದಿನಾಂಕವೇ ನಿಮ್ಮ ಲೇಖನದಲ್ಲಿಲ್ಲ. ‘ಮಗುವನ್ನು ದತ್ತು ಕೊಟ್ಟಿದ್ದರೆ ಉಳಿಯುತ್ತಿದ್ದಳು’ ಎಂದು ಸೇರಿಸಿದ್ದೀರಿ. ಅದು ತಪ್ಪು. ಇದೇ ನಿಯಮವನ್ನು ಪ್ರಶ್ನಿಸಿದ ಹರಿಯಾಣದ ಜಾವೇದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ: ದತ್ತು ಕೊಟ್ಟ ಮಾತ್ರಕ್ಕೆ ಅನರ್ಹತೆ ಹೋಗದು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ವರದಿ ತಿದ್ದುವ ಕೆಲಸ ಕಲಿಯುತ್ತಿದ್ದಾಗ ‘ಲಾಯಿತು’ ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರು?’ ಎಂದು ಬರೆಯಬೇಕಿತ್ತು. ಉತ್ತರವಿಲ್ಲದ ವರದಿ ವಾಪಸು ಹೋಗುತ್ತಿತ್ತು. ಹೆಚ್ಚು ಸುತ್ತು ಬೀಳುತ್ತಿದ್ದದ್ದು ಪಂಚಾಯಿತಿಯ ಮಹಿಳಾ ಸದಸ್ಯರ ಸುದ್ದಿಗಳಿಗೆ.

ಎರಡನೆಯದು ಇನ್ನೂ ಕೆಟ್ಟದ್ದು. ‘ಗಂಡನ ಒಪ್ಪಿಗೆಯೊಂದಿಗೆ ಗರ್ಭಪಾತ ಮಾಡಿಸಲಾಯಿತು.’ ಮಾಡಿಸಿದ್ದು ಯಾರು? 1971ರ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಮಾತ್ರ ಸಾಕು. ಒಪ್ಪಿಗೆಯ ‘ಸಿ’ ನಮೂನೆಯಲ್ಲಿ ಸಹಿ ಅವಳದು. ಗಂಡನ ಸಹಿಯನ್ನು ಆಸ್ಪತ್ರೆ ಕೇಳಿತ್ತೇ? ಕೇಳಿದ್ದರೆ ಅದೇ ಒಂದು ಸುದ್ದಿ. ನೀವು ಅದನ್ನು ಸಹಜವೆಂಬಂತೆ ದಾಟಿಬಿಟ್ಟಿದ್ದೀರಿ. ಎಷ್ಟನೆಯ ವಾರ? ಯಾವ ವರ್ಷ? 2021ರ ತಿದ್ದುಪಡಿಗೆ ಮುಂಚೆ 12 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 20ರವರೆಗೆ ಇಬ್ಬರದು ಬೇಕಿತ್ತು. ಈಗ 20ರವರೆಗೆ ಒಬ್ಬರದು ಸಾಕು. ನಿಯಮಗಳಲ್ಲಿ ಹೆಸರಿಸಿದ ಕೆಲವು ಸ್ಥಿತಿಯ ಹೆಂಗಸರಿಗೆ 24ರವರೆಗೆ, ಇಬ್ಬರ ಅಭಿಪ್ರಾಯದ ಮೇಲೆ. ಪದವಿ ಹೋಗುತ್ತದೆ ಎಂಬುದು ಈ ಕಾಯ್ದೆಯಲ್ಲಿ ಕಾರಣವೇ ಅಲ್ಲ. ಕಾಗದದಲ್ಲಿ ಗರ್ಭನಿರೋಧಕ ವಿಫಲವಾಯಿತು ಎಂದೋ, ಮಾನಸಿಕ ಆರೋಗ್ಯಕ್ಕೆ ಅಪಾಯ ಎಂದೋ ಬರೆದಿರುತ್ತದೆ. ಚುನಾವಣೆಯ ಸುಳಿವು ಆ ದಾಖಲೆಯಲ್ಲಿ ಸಿಗದು. ಅದನ್ನು ಅವಳ ಬಾಯಿಂದ ಕೇಳಿ ಬರೆಯಬೇಕಾದವರು ನೀವು.

ಇನ್ನು ‘ಈ ನಿಯಮ ಗಂಡು-ಹೆಣ್ಣೆಂಬ ಭೇದ ಮಾಡುವುದಿಲ್ಲ.’ ಅಕ್ಷರದಲ್ಲಿ ಹೌದು. ಆದರೆ ಬಸುರು ಕಾಣುವುದು ಒಬ್ಬರ ಮೈಮೇಲೆ. ಗಂಡಸು ಮಗು ತನ್ನದಲ್ಲ ಎನ್ನಬಹುದು, ಹೆಂಡತಿಯನ್ನು ಬಿಟ್ಟೆ ಎನ್ನಬಹುದು. ಐದು ರಾಜ್ಯಗಳಲ್ಲಿ ಈ ನಿಯಮದ ಪರಿಣಾಮ ಹುಡುಕಿದ ನಿರ್ಮಲಾ ಬುಚ್ ಅವರ ಅಧ್ಯಯನದಲ್ಲಿ ಹೆಂಡತಿಯನ್ನು ತೊರೆದವರೂ ಇದ್ದಾರೆ, ಗರ್ಭಪಾತಗಳೂ ಇವೆ. ಹೆರಬೇಕೋ ಬೇಡವೋ ಎಂಬ ತೀರ್ಮಾನ ಎಷ್ಟೋ ಹೆಂಗಸರ ಕೈಯಲ್ಲಿಲ್ಲ ಎಂಬ ವಾದ ಜಾವೇದ್ ಪ್ರಕರಣದಲ್ಲೇ ಬಂದಿತ್ತು. ಬೇಡದ ಮೂರನೆಯ ಮಗುವನ್ನು ಹೆರಬೇಕಾದಷ್ಟು ಅಸಹಾಯಕರೇನಲ್ಲ ಎಂದು ಕೋರ್ಟು ಅದನ್ನು ತಳ್ಳಿಹಾಕಿತು. ನಿಮ್ಮ ವಾಕ್ಯ ಆ ತೀರ್ಪಿನ ಮಗ್ಗುಲಲ್ಲಿ ಹೋಗಿ ಕೂರುತ್ತದೆ. ಅದು ನಿಮ್ಮ ಅಭಿಪ್ರಾಯವಾದರೆ ವಾದಿಸಿ ಬರೆಯಿರಿ, ಹಾಕುತ್ತೇನೆ. ಸುಮ್ಮನೆ ಬಂದದ್ದಾದರೆ ತೆಗೆಯಿರಿ.

ಇದೇ ನಿಯಮವನ್ನು ಹಿಮಾಚಲ ಮತ್ತು ಮಧ್ಯಪ್ರದೇಶ 2005ರಲ್ಲಿ, ಹರಿಯಾಣ 2006ರಲ್ಲಿ ಕೈಬಿಟ್ಟವು. ಆಂಧ್ರ 2024ರಲ್ಲಿ ಕೈಬಿಟ್ಟಿತು. ಹೆಚ್ಚು ಮಕ್ಕಳಿದ್ದವರೇ ಸ್ಥಳೀಯ ಚುನಾವಣೆಗೆ ನಿಲ್ಲುವಂತೆ ಮಾಡುವ ಮಾತನ್ನೂ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಆಡಿದರು. ಕಡಿಮೆ ಹೆರು ಎಂದಾಗಲೂ ಹೆಚ್ಚು ಹೆರು ಎಂದಾಗಲೂ ಲೆಕ್ಕ ಹಾಕಿದ್ದು ಅವಳ ಹೊಟ್ಟೆಯನ್ನೇ. ಶಾಸಕರಿಗೂ ಸಂಸದರಿಗೂ ಈ ಲೆಕ್ಕ ಯಾವತ್ತೂ ಇರಲಿಲ್ಲ. ನಿಮ್ಮ ಲೇಖನದಲ್ಲಿ ಇದಕ್ಕೊಂದು ಪ್ಯಾರಾ ಬೇಕೇ ಬೇಕು.

ಕೊನೆಯದಾಗಿ, ಊರಿನ ಹೆಸರು, ಅವಧಿ, ಮೂರನೆಯ ಮಗುವಿನ ವಯಸ್ಸು, ಮೂರನ್ನೂ ಕೊಟ್ಟಿದ್ದೀರಿ. ಹೆಸರು ಬದಲಿಸಿದ್ದರೂ ಆ ತಾಲ್ಲೂಕಿನಲ್ಲಿ ಯಾರಾದರೂ ಗುರುತಿಸುತ್ತಾರೆ. ಗರ್ಭಪಾತ ಮಾಡಿಸಿಕೊಂಡವರ ಗುರುತನ್ನು ವೈದ್ಯರು ಬಿಟ್ಟುಕೊಡುವಂತಿಲ್ಲ ಎಂದು ಕಾಯ್ದೆ ಹೇಳುವಾಗ ನಾವು ಬಿಟ್ಟುಕೊಡುವುದು ಬೇಡ. ಊರು, ವಯಸ್ಸು ತೆಗೆದು, ತಿದ್ದಿದ ಪ್ರತಿಯನ್ನು ಮೊದಲು ಅವಳಿಗೆ ಓದಿ ಹೇಳಿ. ಅವಳು ಬೇಡವೆಂದ ಸಾಲುಗಳನ್ನು ಹೊಡೆದುಹಾಕಿ ನನಗೆ ಕಳಿಸಿ.